ಹವಾದೊಳಗಿನ ಎಣ್ಣೆ

ಯಂಕಂಚಿಯ ಸುಬೇದಾರರು ಗುರುವಾರ ಮಧ್ಯಾಹ್ನ ಸಿಂದಗಿಯ ನಮ್ಮ ಮನೆಯ ಅಂಗಳಕ್ಕೆ ಬಂದಾಗ ನಾನು ಟ್ರ್ಯಾಕ್ಟರಿನ ಹಿಂದಿನ ಗಾಲಿಯೊಂದನ್ನು ನೆಲಕ್ಕೆ ಮಲಗಿಸಿ, ಅದರ ಮೇಲೆ ನಿಂತು ಟೈರು ಬಿಚ್ಚುತ್ತಿದ್ದೆ. ಬೈಕಿನ ಹಿಂದೆ ಅವರು ಕಟ್ಟಿಕೊಂಡು ತಂದಿದ್ದ ಉದ್ದನೆಯ ಚೀಲ ನೋಡಿ, ಬೆಳೆಗೆ ಔಷಧಿ ಹೊಡೆಯುವ ಪಂಪು ರಿಪೇರಿಗೆ ಬಂತು ಅಂದುಕೊಂಡೆ. ಚೀಲದಿಂದ ಹೊರಬಂದದ್ದು ಹದಿಮೂರು ಗಾಲ್ಫ್ ಕೋಲುಗಳು. ನಮ್ಮ ಕಡೆ ಗಾಲ್ಫ್ ಎಂಬುದನ್ನು ಟಿ.ವಿ. ಚಾನೆಲ್ ಬದಲಿಸುವಾಗ ಕಣ್ಣಂಚಿನಲ್ಲಿ ನೋಡಿದವರೇ ಹೆಚ್ಚು. ನಾನೂ ಅವರಲ್ಲೊಬ್ಬ.

ಸುಬೇದಾರರಿಗೆ ಮಾತ್ರ ಅದೇ ಬದುಕಾಗಿತ್ತು. ಸೈನ್ಯದಲ್ಲಿ ಕೊನೆಯ ಕೆಲವು ವರ್ಷ ಅವರನ್ನು ಗಾಲ್ಫ್ ಮೈದಾನದ ಉಸ್ತುವಾರಿಗೆ ಹಾಕಿದ್ದರಂತೆ. ಅಧಿಕಾರಿಗಳ ಚೀಲ ಹೊರುತ್ತಾ, ಅವರು ಹೋದ ಮೇಲೆ ತಾವೂ ಆಡುತ್ತಾ ಕಲಿತರು. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ದಿನಾ ಮುಂಜಾನೆ ಊರ ದನ ಮೇಯುವ ಗಾಯರಾಣದಲ್ಲಿ ಚೆಂಡು ಹೊಡೆಯುತ್ತಿದ್ದರು. ಕುರಿ ಕಾಯುವವರು ನಿಂತು ನೋಡಿ ನಕ್ಕು ಹೋಗುತ್ತಿದ್ದರು. ಈಗ ಪುಣೆ ಕಡೆಯ ಒಂದು ಕ್ಲಬ್ಬಿನವರು ಹೊಸಬರಿಗೆ ಆಟ ಕಲಿಸಲು ಒಬ್ಬರನ್ನು ಹುಡುಕುತ್ತಿದ್ದರು. ಅದಕ್ಕೆ ಮೊದಲು ಎರಡು ದಿನದ ಪರೀಕ್ಷೆ ಆಡಬೇಕು, ಇಷ್ಟು ಹೊಡೆತಗಳೊಳಗೆ ಮುಗಿಸಬೇಕು. ಒಮ್ಮೆ ಆಡಿ ಸ್ವಲ್ಪದರಲ್ಲಿ ತಪ್ಪಿತ್ತು. ಬರುವ ಮಂಗಳವಾರ ಎರಡನೆಯ ಸಲ. ಈ ಸಲವೂ ತಪ್ಪಿದರೆ ಆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಅವರು ಏನೂ ಮುಚ್ಚಿಡದೆ ಹೇಳಿದರು.

ತೊಂದರೆ ಇದ್ದದ್ದು ಕೋಲುಗಳ ಹಿಡಿಕೆಗೆ ತೊಡಿಸಿದ ರಬ್ಬರಿನ ಗ್ರಿಪ್ಪಿನಲ್ಲಿ. ಬೇಸಿಗೆಯಲ್ಲಿ ಚೀಲವನ್ನು ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದರು. ನಮ್ಮ ಬಿಸಿಲಿಗೆ ತಗಡಿನ ಕೆಳಗೆ ರಬ್ಬರು ಉಳಿಯುತ್ತದೆಯೇ? ಕೆಲವು ಗ್ರಿಪ್ಪು ಬೆಲ್ಲದ ಪಾಕದಂತೆ ಅಂಟುತ್ತಿದ್ದವು, ಕೆಲವು ಒಣಗಿ ಬಿರುಕು ಬಿಟ್ಟಿದ್ದವು. ಹನ್ನೆರಡು ಕೋಲಿಗೆ ಬದಲಿಸಬೇಕು, ಹದಿಮೂರನೆಯದು ಚೆನ್ನಾಗಿಯೇ ಇತ್ತು. ಕೊರಿಯರಿನಲ್ಲಿ ಹದಿಮೂರು ಹೊಸ ಗ್ರಿಪ್ಪು ತರಿಸಿದ್ದರು, ಒಂದು ಇರಲಿ ಎಂದು ಹೆಚ್ಚಿಗೆ. ತೊಡಿಸುವವರು ಮಾತ್ರ ಈ ಕಡೆ ಯಾರೂ ಇಲ್ಲ. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಅಂಟು ಬೇಡ, ಪೆಟ್ರೋಲು ಬೇಡ, ಬರೀ ಹವಾ ಹೊಡೆದು ಒಬ್ಬಾತ ಮನೆಯಲ್ಲೇ ಗ್ರಿಪ್ಪು ತೊಡಿಸುತ್ತಿದ್ದ.

ಹವಾ ಅಂದರೆ ನಮ್ಮ ಮನೆತನದ ವಿದ್ಯೆ. ನಮ್ಮ ತಂದೆ, ಅಬ್ಬಾ, ಬಸ್ ಸ್ಟ್ಯಾಂಡಿನ ಹತ್ತಿರ ಪಂಚರ್ ಅಂಗಡಿ ಇಟ್ಟಿದ್ದರು, ಅವರ ನಂತರ ನಾನು. ರಸ್ತೆ ಅಗಲವಾದಾಗ ಅಂಗಡಿ ಹೋಯಿತು, ಕಂಪ್ರೆಸರ್ ಮನೆಯ ಅಂಗಳಕ್ಕೆ ಬಂತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ನಾಲಿಗೆಯ ತುದಿಯಲ್ಲೇ ಜಂಬ. ನನ್ನ ಕೆಲಸವನ್ನು ಯಾರಾದರೂ ಬಗ್ಗಿ ನೋಡಿದರೆ ಸಾಕು, ಗಾಲಿ ಎತ್ತಿಕೊಂಡು ಬೇರೆ ಕಡೆ ಹೋಗಿ ಅನ್ನುತ್ತಿದ್ದೆ. ಸುಬೇದಾರರಿಗೂ ಅದೇ ಜಂಬದಲ್ಲಿ ಹೇಳಿದೆ.

"ಇದೇನ್ ದೊಡ್ಡ ಕೆಲಸರಿ ಸಾಹೇಬ್ರ. ನಾಳೆ ನಮಾಜ್ ಮುಗಿಸಿ ಬಂದು ಎರಡು ತಾಸಿನಾಗ ಹಾಕಿ ಕೊಡ್ತೇನಿ."

ಶುಕ್ರವಾರ ಊಟ ಮುಗಿಸಿ ಕೆಲಸ ಹಿಡಿದೆ. ಹಳೆಯ ಗ್ರಿಪ್ಪುಗಳನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ತೆಗೆಯುವುದು ಸುಲಭ. ಕೆಳಗೆ ಕಚ್ಚಿಕೊಂಡಿದ್ದ ಹಳೆಯ ಟೇಪು ಜೀವ ತಿಂದಿತು. ಒಂಬತ್ತು ಕೋಲುಗಳ ದಂಡ ಉಕ್ಕಿನದು, ಹೇಗೆ ಕೆರೆದರೂ ನಡೆಯುತ್ತದೆ. ಮೂರರದು ಕಾರ್ಬನ್. ಚಾಕು ತಾಗಿದರೆ ಎಳೆ ಕಿತ್ತು ಮುಂದೊಂದು ದಿನ ಅಲ್ಲಿಯೇ ಮುರಿಯುತ್ತದೆ ಎಂದು ಸುಬೇದಾರರು ಎಚ್ಚರಿಸಿದರು. ಅವಕ್ಕೆ ಬಿಸಿನೀರಿನ ಬಟ್ಟೆ ಸುತ್ತಿಟ್ಟು, ಟೇಪು ಮೆತ್ತಗಾದ ಮೇಲೆ ಹಳೆಯ ಎ.ಟಿ.ಎಂ. ಕಾರ್ಡಿನಿಂದ ಮೆಲ್ಲಗೆ ಕೆರೆದೆ. ಹಳೆಯ ಗ್ರಿಪ್ಪುಗಳಲ್ಲಿ ಒಂದು ಅಷ್ಟೇನೂ ಕೆಟ್ಟಿರಲಿಲ್ಲ. ಅದನ್ನು ಸೀಳದೆ, ಹವಾ ಹೊಡೆದು ಇಡಿಯಾಗಿ ಬಿಚ್ಚಿ ಪಕ್ಕಕ್ಕಿಟ್ಟೆ.

ಹೊಸದನ್ನು ತೊಡಿಸುವ ಮುಂಚೆ ದಂಡಕ್ಕೆ ಪೇಂಟರುಗಳು ಬಳಸುವ ಕಾಗದದ ಟೇಪನ್ನು ಒಂದು ಸುತ್ತು ಸುತ್ತಬೇಕು. ಅಂಟಿನ ಮೈ ಒಳಗೆ, ನುಣುಪಿನ ಮೈ ಹೊರಗೆ. ಗ್ರಿಪ್ಪಿನ ಹಿಂಬದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಗ್ರಿಪ್ಪನ್ನು ಎರಡು ಬೆರಳಿನಷ್ಟು ದಂಡಕ್ಕೆ ತುರುಕಿ, ಆ ತೂತಿಗೆ ಹವಾ ಗನ್ನಿನ ಮೂತಿ ಒತ್ತಿ ಹಿಡಿದು ಬಿಡಬೇಕು. ಮೊದಲನೆಯದಕ್ಕೆ ಬಿಟ್ಟೆ. ಹವಾ ಸುಂಯ್ ಎಂದು ಎಲ್ಲಿಗೋ ಹೋಯಿತು, ಗ್ರಿಪ್ಪು ಮಿಸುಕಲಿಲ್ಲ. ಲಾರಿ ಟೈರಿಗೆ ಹಾಕುವಷ್ಟು ಪ್ರೆಷರ್ ಏರಿಸಿ ಮತ್ತೆ ಬಿಟ್ಟೆ. ಗ್ರಿಪ್ಪಿನ ನಡುವೆ ನಿಂಬೆಹಣ್ಣಿನ ಗಾತ್ರ ಉಬ್ಬಿತು, ಫಟ್ ಎಂದು ಒಡೆಯಿತು. ಸುಬೇದಾರರು ಬಗ್ಗಿ ಚೂರುಗಳನ್ನು ಆಯ್ದು ಕಟ್ಟೆಯ ಮೇಲಿಟ್ಟರು. ಹೆಚ್ಚಿಗೆ ತರಿಸಿದ್ದ ಒಂದು ಅಲ್ಲಿಗೆ ಮುಗಿಯಿತು.

ವಿಡಿಯೋ ಮತ್ತೆ ಮೂರು ಸಲ ನೋಡಿದೆವು. ಆತ ಟೇಪಿನ ತುದಿಯನ್ನು ಮಡಚಿ ದಂಡದ ಬಾಯಿ ಮುಚ್ಚಿದ್ದ. ದಂಡ ಟೊಳ್ಳು, ನಾನು ಬಿಟ್ಟ ಹವಾ ಎಲ್ಲ ಅದರ ಹೊಟ್ಟೆಗೆ ಹೋಗಿತ್ತು. ಈ ಸಲ ಬಾಯಿ ಮುಚ್ಚಿದೆ. ಪ್ರೆಷರನ್ನು ಎಪ್ಪತ್ತು ಪೌಂಡಿಗೆ ಇಳಿಸಿದೆ. ಗನ್ನಿನ ಮೂತಿಗೆ ಸೈಕಲ್ಲಿನ ವಾಲ್ ಟ್ಯೂಬಿನ ತುಂಡು ತೊಡಿಸಿ, ಸುತ್ತ ಸೋರದಂತೆ ಮಾಡಿದೆ. ಬಿಟ್ಟೆ. ಗ್ರಿಪ್ಪು ಕಂಡೂ ಕಾಣದಷ್ಟು ಉಬ್ಬಿ, ಕೈ ತಳ್ಳಿದತ್ತ ತಾನಾಗಿ ನಡೆಯಿತು. ಹವಾ ನಿಲ್ಲಿಸಿದ ಕೂಡಲೇ ದಂಡವನ್ನು ಕಚ್ಚಿ ಹಿಡಿಯಿತು. ಮೇಲಿನ ಗುರುತು ಸೊಟ್ಟಗೆ ಕೂತರೆ ಇನ್ನೊಂದು ಚೂರು ಹವಾ ಕೊಟ್ಟು ತಿರುಗಿಸಿದರಾಯಿತು. ಒಂದಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ. ಇಷ್ಟು ವರ್ಷ ಟೈರಿಗೆ ಹಾಕಿದ ಹವಾ ಹೀಗೂ ಕೆಲಸ ಮಾಡುತ್ತದೆಂದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಆ ಖುಷಿಯಲ್ಲೇ, ಪಕ್ಕಕ್ಕಿಟ್ಟಿದ್ದ ಹಳೆಯ ಗ್ರಿಪ್ಪನ್ನು ನನ್ನ ಟೈರು ಎಬ್ಬಿಸುವ ರಾಡಿಗೆ ಅದೇ ಟೇಪು ಸುತ್ತಿ, ಅದೇ ಹವಾ ಹೊಡೆದು ತೊಡಿಸಿದೆ. ಸುಬೇದಾರರು ಅಂಗಳದಲ್ಲಿ ನಿಂತು ಒಂದು ಕೋಲು ಬೀಸಿ ನೋಡಿದರು. ಕೋಳಿಗಳು ಚದುರಿ ಓಡಿದವು. "ಚಲೋ ಆಗ್ಯಾವ ಉಸ್ತಾದ್" ಎಂದು ಚೀಲ ಕಟ್ಟಿಕೊಂಡು ಹೋದರು.

ಶನಿವಾರ ಬೆಳಗ್ಗೆ ಅದೇ ಟ್ರ್ಯಾಕ್ಟರ್ ಟೈರನ್ನು ರಾಡು ಹಾಕಿ ಎಬ್ಬಿಸುತ್ತಿದ್ದೆ. ಮೈಭಾರ ಬಿಟ್ಟು ಒತ್ತಿದ್ದೇ ತಡ, ಗ್ರಿಪ್ಪು ಕೈಯೊಳಗೆ ಗಿರ್ರನೆ ತಿರುಗಿ ಜಾರಿತು. ಕೈ ಹೋಗಿ ರಿಮ್ಮಿಗೆ ಬಡಿದು ಮೂರು ಬೆರಳಿನ ಗಿಣ್ಣು ಸುಲಿಯಿತು. ಮೊದಲು ರಬ್ಬರಿಗೆ ಬೈದೆ. ಆಮೇಲೆ ಗ್ರಿಪ್ಪು ಎಳೆದರೆ ಸಲೀಸಾಗಿ ಕೈಗೆ ಬಂತು. ಕೆಳಗಿನ ಕಾಗದದ ಟೇಪು ನೆನೆದು ಮುದ್ದೆಯಾಗಿತ್ತು. ಬೆರಳು ಹಾಕಿ ಮೂಸಿದೆ. ಸುಟ್ಟ ಕಂಪ್ರೆಸರ್ ಎಣ್ಣೆ, ಜೊತೆಗೆ ನೀರು. ಅದೇ ಹವಾ ಹನ್ನೆರಡು ಕೋಲಿಗೂ ಹೋಗಿತ್ತು.

ಕಂಪ್ರೆಸರಿನ ಟ್ಯಾಂಕಿನಲ್ಲಿ ಹವಾ ತಣ್ಣಗಾದಾಗ ನೀರು ಕೂಡುತ್ತದೆ. ಟ್ಯಾಂಕಿನ ಹೊಟ್ಟೆಯ ಕೆಳಗೆ ಅದಕ್ಕೆಂದೇ ಒಂದು ಸಣ್ಣ ನಳ ಇರುತ್ತದೆ. ಅಬ್ಬಾ ದಿನಾ ಅಂಗಡಿ ತೆಗೆದ ಕೂಡಲೇ ಬಿಸ್ಮಿಲ್ಲಾ ಅಂದು ಆ ನಳ ಬಿಡುತ್ತಿದ್ದರು. ದಿನದ ಮೊದಲ ಹವಾ ಯಾರ ಗಾಲಿಗೂ ಅಲ್ಲ, ನೆಲಕ್ಕೆ. ಕಂಪ್ರೆಸರ್ ಮನೆಗೆ ಬಂದ ಮೇಲೆ ಆ ಕರಿನೀರು ಸಾರಿಸಿದ ಅಂಗಳದಲ್ಲಿ ಹರಿಯತೊಡಗಿ ಮನೆಯವಳು ಬೇಸರಪಟ್ಟಳು. ನಾನು ನಳ ಬಿಡುವುದನ್ನೇ ನಿಲ್ಲಿಸಿದೆ. ಟೈರಿಗೆ ಸ್ವಲ್ಪ ನೀರು ಹೋದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಪಿಸ್ಟನ್ನಿನ ರಿಂಗು ಸವೆದು ಕಂಪ್ರೆಸರ್ ವಾರಕ್ಕೊಮ್ಮೆ ಎಣ್ಣೆ ಕೇಳುತ್ತಿತ್ತು. ವಾರವಾರ ಎಣ್ಣೆ ಹಾಕಿದೆ. ಹಾಕಿದ ಎಣ್ಣೆ ಎಲ್ಲಿ ಹೋಗುತ್ತದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಗಿಣ್ಣಿಗೆ ಅರಿಶಿಣ ಹಚ್ಚುತ್ತಿದ್ದ ಮನೆಯವಳ ಮೇಲೆ ರೇಗಿದೆ. ನೀನೇ ನೀರು ಬಿಡಬೇಡ ಅಂದವಳು ಎಂದೆ.

"ನಾ ಅಂಗಳ ಹೊಲಸ ಮಾಡಬ್ಯಾಡ್ರಿ ಅಂದೆ. ಒಂದು ಡಬ್ಬಿ ಹಿಡದು ಬಿಡಾಕ ಯಾರ ಬ್ಯಾಡ ಅಂದಿದ್ರು?" ಅಂದಳು.

ಸುಬೇದಾರರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಎತ್ತದೇ ಇದ್ದದ್ದು ಒಳ್ಳೆಯದಾಯಿತು ಎಂದು ಒಂದು ಕ್ಷಣ ಅನಿಸಿತು. ಆ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ನಿಜ. ಅವರ ಗ್ರಿಪ್ಪು ಹೊಸವು, ಬಿಗಿಯಾಗಿವೆ, ನಾಲ್ಕು ದಿನ ತಡೆದರೂ ತಡೆದಾವು. ಹೇಳಿದರೆ ಪರೀಕ್ಷೆಗೆ ಮೂರು ದಿನ ಮುಂಚೆ ಆ ಮನುಷ್ಯನ ಧೈರ್ಯ ಕೆಡಿಸಿದಂತೆ. ಹೇಳದಿದ್ದರೆ ಪುಣೆಯ ಮೈದಾನದಲ್ಲಿ, ನೋಡುವವರೆಲ್ಲ ನೋಡುತ್ತಿರುವಾಗ ಕೋಲು ಅವರ ಕೈಯಲ್ಲಿ ತಿರುಗಬಹುದು. ರಾಡು ಕೈಯಲ್ಲೇ ಇತ್ತು. ಅದನ್ನು ಎರಡು ಸಲ ತಿರುವಿ ನೋಡಿದೆ. ಗಾಲಿಯನ್ನು ಅರ್ಧಕ್ಕೇ ಬಿಟ್ಟು, ಆ ಗ್ರಿಪ್ಪನ್ನು ಕಿಸೆಗೆ ಹಾಕಿಕೊಂಡು ಬೈಕು ಹತ್ತಿದೆ.

ಮಿರ್ಗದ ಮಳೆಯ ಮೋಡ ಕವಿದಿತ್ತು, ಇನ್ನೂ ಹನಿದಿರಲಿಲ್ಲ. ಸುಬೇದಾರರು ಯಂಕಂಚಿಯ ಗಾಯರಾಣದಲ್ಲಿ ಒಬ್ಬರೇ ನಿಂತು ಚೆಂಡು ಹೊಡೆಯುತ್ತಿದ್ದರು. ಬಂದದ್ದೇಕೆಂದು ಕೇಳುವ ಮೊದಲೇ ಹೇಳಿಬಿಟ್ಟೆ.

"ಸಾಹೇಬ್ರ, ನಾ ಹಾಕಿದ ಗ್ರಿಪ್ ನಿಲ್ಲೂದಿಲ್ರಿ. ನನ್ನ ಹವಾದಾಗ ಎಣ್ಣಿ ಐತಿ. ತಪ್ಪು ನಂದು."

ಅವರು ನನ್ನ ಕೈಯಿಂದ ಹಳೆಯ ಗ್ರಿಪ್ಪು ತೆಗೆದುಕೊಂಡು ಒಳಗೆ ಕಿರುಬೆರಳು ಹಾಕಿ ನೋಡಿದರು. "ಹನ್ನೆರಡೂ?" ಅಂದರು. ಹನ್ನೆರಡೂ ಅಂದೆ. ಬೈಯುತ್ತಾರೆ ಎಂದು ಕಾದೆ. ಅವರು ಕೋಲನ್ನು ನೆಲಕ್ಕೆ ಊರಿ ನಿಂತರು.

"ಮುಂಜಾನಿಂದ ಎರಡು ಕೋಲು ಕೈಯಾಗ ಹೊಳ್ಳಿದಂಗ ಆತು. ಕೈ ಬೆವತೈತಿ ಅಂತ ಒರಸ್ಕೊಂಡೆ. ವಯಸ್ಸಾತು, ಕೈಯಾಗ ಬಲ ಇಲ್ಲ ಅಂತ ನನಗ ನಾನ ಬೈಕೊಳ್ಳಾಕತ್ತಿದ್ನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ತಪ್ಪಿಗೆ ಅವರು ತಮ್ಮನ್ನೇ ಬೈದುಕೊಂಡದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಭಾನುವಾರ ಸಂಜೆ ಐದಕ್ಕೆ ಅವರ ಪುಣೆ ಬಸ್ಸು. ಅಷ್ಟರೊಳಗೆ ಎಲ್ಲ ಬಿಚ್ಚಿ, ತೊಳೆದು, ಒಣಗಿಸಿ, ಒಣ ಹವಾದಲ್ಲಿ ಮತ್ತೆ ತೊಡಿಸಬೇಕು. ಒಣ ಹವಾ ಎಲ್ಲಿದೆ? ಊರಿನ ಪಂಚರ್ ಅಂಗಡಿಗಳ ಕಂಪ್ರೆಸರೆಲ್ಲ ನನ್ನದರ ಅಣ್ಣತಮ್ಮಂದಿರೇ. ವಾಪಸು ಬರುವಾಗ ದಾರಿಯಲ್ಲಿ ನೆನಪಾದದ್ದು ನಮ್ಮ ಓಣಿಯ ಹಲ್ಲಿನ ಡಾಕ್ಟರ್ ಮೇಡಂ. ಅವರ ಕುರ್ಚಿಯ ಹಿಂದೆ ಬಿಳಿಯ ಸಣ್ಣದೊಂದು ಕಂಪ್ರೆಸರ್ ಇದೆ. ಅದರ ಹವಾ ರೋಗಿಯ ಬಾಯಿಗೆ ಹೋಗುವುದರಿಂದ ಅದರಲ್ಲಿ ಎಣ್ಣೆಯನ್ನೇ ಹಾಕುವುದಿಲ್ಲ, ನೀರು ಹಿಡಿಯುವ ಬಟ್ಟಲೂ ಇದೆ. ಹೋದ ವರ್ಷ ಅದರ ಪೈಪು ಸೋರಿದಾಗ ನಾನೇ ಸರಿಮಾಡಿದ್ದೆ. ಆಗ ಅದನ್ನು ನೋಡಿ ನಕ್ಕಿದ್ದೆ ಕೂಡ.

ಕ್ಲಿನಿಕ್ಕಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ, ಭಾನುವಾರ ರಜೆಯಲ್ಲವೇ, ಒಂದು ದಿನ ಕೊಡಿ ಎಂದು ಕೇಳಿದೆ. ಮೇಡಂ ಪೂರಾ ಕೇಳಿಸಿಕೊಂಡರು.

"ಹೋದ ವರ್ಷ ಇದಕ್ಕ ಹುಡುಗರ ಆಟಗಿ ಸಾಮಾನ ಅಂದಿದ್ರಿ."

"ಅಂದಿದ್ನಿರಿ" ಅಂದೆ. ಬೇರೆ ಏನನ್ನಲಿ? ಸೋಮವಾರ ಒಂಬತ್ತಕ್ಕೆ ಮೊದಲು ತಂದಿಡಬೇಕು ಎಂದು ಹೇಳಿ ಕೊಟ್ಟರು.

ಭಾನುವಾರ ಬೆಳಗ್ಗೆ ಎಂಟಕ್ಕೆ ಸುಬೇದಾರರು ಪುಣೆಗೆ ಹೋಗುವ ಬಟ್ಟೆಯ ಚೀಲವನ್ನೂ ಕಟ್ಟಿಕೊಂಡೇ ಬಂದರು. ಬಿಚ್ಚುವುದಕ್ಕೆ ಕಷ್ಟವಾಗಲಿಲ್ಲ. ಐದು ಕೋಲಿನ ಗ್ರಿಪ್ಪುಗಳು ಹವಾ ಕೂಡ ಕೇಳಲಿಲ್ಲ, ಬರಿಗೈಯಲ್ಲಿ ತಿರುವಿದರೆ ಬಂದವು. ದಂಡಗಳನ್ನು ನಾನು ಒರೆಸಿದೆ. ಗ್ರಿಪ್ಪುಗಳನ್ನು ಸೋಪಿನ ಪುಡಿಯ ನೀರಲ್ಲಿ ನೆನೆಸಿ, ಒಳಗಿನ ಎಣ್ಣೆ ತೆಗೆಯುವ ಕೆಲಸ ಸುಬೇದಾರರು ಹಿಡಿದರು. ತಂತಿಗೆ ಬಟ್ಟೆ ಸುತ್ತಿ, ಬಂದೂಕಿನ ನಳಿಗೆ ತೊಳೆಯುವಂತೆ ಎಳೆದು, ಬಟ್ಟೆ ಬದಲಿಸಿ ಮತ್ತೆ ಎಳೆದರು. ಬಟ್ಟೆಯಲ್ಲಿ ಕಪ್ಪು ಕಾಣುವುದು ನಿಲ್ಲುವವರೆಗೆ ಒಂದನ್ನೂ ಬಿಡಲಿಲ್ಲ.

ಒಣಗಿಸುವುದಕ್ಕೆ ಬಿಸಿಲೇ ಇರಲಿಲ್ಲ. ಟೇಬಲ್ ಫ್ಯಾನಿನ ಮುಂದೆ ಸಾಲಾಗಿ ಇಟ್ಟೆವು. ಹನ್ನೊಂದಕ್ಕೆ ಕರೆಂಟು ಹೋಯಿತು. ನಾನು ಅಂಗಳದಲ್ಲಿ ಆ ಕಡೆ ಈ ಕಡೆ ಓಡಾಡಿದೆ, ಕರೆಂಟಿನವರಿಗೆ ಬೈದೆ, ಮೋಡಕ್ಕೆ ಬೈದೆ. ಮನೆಯವಳು ತನ್ನ ಹಳೆಯ ದುಪಟ್ಟಾ ಹರಿದು, ಬತ್ತಿ ಹೊಸೆದು ಒಂದೊಂದು ಗ್ರಿಪ್ಪಿಗೂ ತುರುಕಿದಳು. ತಾಸಿನಲ್ಲಿ ಬತ್ತಿ ತೇವ ಹೀರಿಕೊಂಡು ರಬ್ಬರು ಒಣಗಿತು. ಕರೆಂಟು ಬಂದಾಗ ಒಂದೂವರೆ.

ಡಾಕ್ಟರ್ ಮೇಡಂ ಕಂಪ್ರೆಸರಿನ ಟ್ಯಾಂಕು ಸಣ್ಣದು. ಒಂದು ಗ್ರಿಪ್ಪಿಗೆ ಬಿಟ್ಟರೆ ಮತ್ತೆ ತುಂಬುವವರೆಗೆ ಕಾಯಬೇಕು. ಆಟಗಿ ಅಂದಿದ್ದ ನಾನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಪ್ರೆಷರಿನ ಮುಳ್ಳು ಏರುವುದನ್ನೇ ನೋಡುತ್ತಿದ್ದೆ. ಹನ್ನೆರಡನೆಯದು ಕೂತಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಗುರುತುಗಳೆಲ್ಲ ನೆಟ್ಟಗಿದ್ದವು. ನನ್ನ ಬಲ ಪೂರ್ತಿ ಹಾಕಿ ತಿರುವಿದರೂ ಒಂದೂ ಅಲುಗಲಿಲ್ಲ. ಸುಬೇದಾರರು ತಾವೂ ಒಂದೊಂದನ್ನು ತಿರುವಿ ನೋಡಿ ಚೀಲಕ್ಕೆ ಹಾಕಿದರು. ಹಾಕಿದ್ದನ್ನು ಮತ್ತೆ ಹೊರತೆಗೆದು ಇನ್ನೊಮ್ಮೆ ತಿರುವಿದರು. ಬಸ್ ಸ್ಟ್ಯಾಂಡಿಗೆ ನಾನೇ ಬಿಟ್ಟು ಬಂದೆ.

ಮಂಗಳವಾರ, ಬುಧವಾರ ನಾನು ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಒಂದು ಟ್ಯೂಬಿಗೆ ತೂತಿಲ್ಲದ ಕಡೆ ಪ್ಯಾಚು ಹಾಕಿದೆ.

ಶುಕ್ರವಾರ ಅವರು ಬಂದರು. ಕೂಡುವ ಮೊದಲೇ ಗ್ರಿಪ್ಪು ತಿರುಗಿದವೇ ಎಂದು ಕೇಳಿದೆ.

"ಇಲ್ಲ. ಕೂದಲೆಳಿಯಷ್ಟೂ ಹೊಳ್ಳಲಿಲ್ಲ" ಅಂದರು. ನನಗೆ ಹೋದ ಜೀವ ಬಂದಂತಾಯಿತು. ಅವರು ಮುಖ ಎತ್ತದೆ ಮುಂದುವರಿಸಿದರು. "ನಾನ ಬಿಗಿ ಹಿಡದೆ ಉಸ್ತಾದ್. ಈಗ ಹೊಳ್ಳತೈತಿ, ಈಗ ಹೊಳ್ಳತೈತಿ ಅಂತ ಅಂಜಿ ಹಿಡದೆ. ಹಂಗ ಹಿಡದ್ರ ಚೆಂಡು ನೆಟ್ಟಗ ಹೋಗೂದಿಲ್ಲ."

ಮೊದಲ ದಿನ ಕೆಟ್ಟಿತು. ಎರಡನೆಯ ದಿನ ಕೈ ಸಡಿಲಾಗಿ ಚೆನ್ನಾಗಿ ಆಡಿದರು, ಆದರೆ ಒಟ್ಟು ಲೆಕ್ಕದಲ್ಲಿ ಎರಡು ಹೊಡೆತ ಹೆಚ್ಚಾಗಿದ್ದವು. ಕೆಲಸ ಬೇರೊಬ್ಬರಿಗೆ ಹೋಯಿತು. ಪರೀಕ್ಷೆಯನ್ನು ಬೇಕಾದರೆ ಮುಂದಿನ ವರ್ಷ ಮತ್ತೆ ಆಡಬಹುದು, ಪಾಸಾದರೆ ಬೇರೆಲ್ಲಾದರೂ ನೋಡಬಹುದು ಎಂದು ಕ್ಲಬ್ಬಿನವರು ಅಂದರಂತೆ. ಸುಬೇದಾರರು ಇಷ್ಟು ಹೇಳಿ ಚಹಾ ಕುಡಿದು, ಮನೆಯವಳ ದುಪಟ್ಟಾ ಹಾಳಾಯಿತಲ್ಲ ಎಂದು ಬೇಜಾರುಪಟ್ಟು ಹೋದರು.

ಗ್ರಿಪ್ಪನ್ನು ಬಿಗಿ ಮಾಡಿದೆ, ಅವರ ಮನಸ್ಸನ್ನು ಸಡಿಲು ಮಾಡಿದೆ. ಹೇಳದೇ ಇದ್ದಿದ್ದರೆ ಎಂದು ಎಷ್ಟೋ ದಿನ ಕೊರಗಿದೆ. ಒಮ್ಮೆ ಮನೆಯವಳ ಮುಂದೆಯೂ ಅಂದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಹೇಳದಿದ್ರ ಹೊಳ್ಳತಿದ್ವು. ಹೇಳಿದ್ದಕ್ಕ ಬಿಗಿ ಹಿಡದ್ರು. ಎರಡಕ್ಕೂ ಮೂಲ ಆ ನಳ" ಅಂದಳು.

ಕಂಪ್ರೆಸರ್ ಬಿಚ್ಚಿ ಹೊಸ ರಿಂಗು ಹಾಕಿಸಿದೆ. ಟ್ಯಾಂಕಿನಿಂದ ಒಂದು ಬೋಗುಣಿಯಷ್ಟು ಕರಿ ರಾಡಿ ಬಂತು. ಪೈಪಿಗೆ ನೀರು ಹಿಡಿಯುವ ಬಟ್ಟಲು ಕೂಡಿಸಿದೆ. ಈಗ ದಿನಾ ಬೆಳಗ್ಗೆ ಪೇಂಟಿನ ಹಳೆಯ ಡಬ್ಬಿ ಇಟ್ಟು ಬಿಸ್ಮಿಲ್ಲಾ ಅಂದು ನಳ ಬಿಡುತ್ತೇನೆ. ಆಮೇಲೆ ಗನ್ನಿನ ಮುಂದೆ ಬಿಳಿ ಬಟ್ಟೆ ಹಿಡಿದು ಹವಾ ಹೊಡೆದು, ಎಣ್ಣೆಯ ಕಲೆ ಬೀಳುತ್ತದೆಯೇ ಎಂದು ನೋಡುತ್ತೇನೆ. ಅದು ಯಾರೂ ಹೇಳಿಕೊಟ್ಟದ್ದಲ್ಲ.

ತೊಗರಿ ಮೊಣಕಾಲೆತ್ತರ ಬಂದಿದ್ದ ಒಂದು ಬೆಳಗ್ಗೆ ಸುಬೇದಾರರ ಬೈಕು ಅಂಗಳಕ್ಕೆ ಬಂತು, ಹಿಂದೆ ಅದೇ ಉದ್ದನೆಯ ಚೀಲ. ಮುಂದಿನ ವರ್ಷ ಮತ್ತೆ ಆಡುತ್ತೇನೆ ಎಂದರು. ಗ್ರಿಪ್ಪುಗಳಿಗೆ ಏನಾಗಿದೆ ಎಂದು ಕೇಳಿದೆ. ಏನೂ ಆಗಿಲ್ಲ, ಆದರೆ ಇವನ್ನು ಹಿಡಿದಾಗಲೆಲ್ಲ ಕೈ ಆ ದಿನವನ್ನೇ ನೆನೆಸುತ್ತದೆ ಎಂದರು.

"ಬಿಚ್ಚಿ ಮತ್ತ ಹಾಕ್ರಿ. ಈ ಸಲ ನಿಮ್ಮ ಹವಾದಾಗ."

ಡಬ್ಬಿ ಇಟ್ಟು ನಳ ಬಿಟ್ಟೆ. ಬಿಳಿ ಬಟ್ಟೆ ಹಿಡಿದು ಗನ್ನು ಒತ್ತಿದೆ, ಹತ್ತು ಎಣಿಸುವಷ್ಟು ಹೊತ್ತು. ಬಟ್ಟೆಯ ಮೇಲೆ ಕಲೆ ಬೀಳಲಿಲ್ಲ. ಸುಬೇದಾರರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು, ಹೊರಳಿಸಿ ಆ ಮಗ್ಗುಲನ್ನೂ ನೋಡಿದರು. ಮೊದಲಿನ ನಾನಾಗಿದ್ದರೆ ಚೀಲ ಎತ್ತಿಕೊಂಡು ಹೋಗಿ ಅನ್ನುತ್ತಿದ್ದೆ.

"ಇನ್ನೊಂದ ಸಲ ಹೊಡಿತೇನಿ, ನೋಡ್ರಿ ಸಾಹೇಬ್ರ" ಎಂದು ಬಟ್ಟೆಯನ್ನು ಅವರ ಕೈಯಲ್ಲೇ ಬಿಟ್ಟು ಗನ್ನು ಎತ್ತಿದೆ.